ಮುತ್ಯಾನ ಪೀಪಾಯಿ

ಇದು ನಿಜವಾಗಿ ನಡೆದದ್ದು. ಹೀಗೆಂದ ಕೂಡಲೇ ನನ್ನ ಸೋದರಮಾವ ಚನ್ನಬಸಪ್ಪನವರಾದರೆ ಕಣ್ಣು ಕಿರಿದು ಮಾಡಿ, "ನಿಜ ಅಂತ ಮೊದಲ ಯಾಕ ಹೇಳಾಕತ್ತೀ?" ಎಂದು ಕೇಳುತ್ತಿದ್ದರು. ನಮ್ಮ ಮನೆತನದ ಬೆಳೆ ಕಬ್ಬು. ಮಾವನ ಸ್ವಂತ ಬೆಳೆ ಅನುಮಾನ. ಎರಡೂ ಅಗಿದಷ್ಟು ರಸ ಬಿಡುತ್ತವೆ.

ಮುತ್ಯಾ, ಅಂದರೆ ಮಾವನ ತಂದೆ ಮಲ್ಲಣ್ಣ, ಜಹೀರಾಬಾದಿನ ಕಡೆ ಕಬ್ಬಿನ ಗಾಣ ನಡೆಸಿದವರು. ಕೊಪ್ಪರಿಗೆಯ ರಸ ಕುದಿದು ಹದಕ್ಕೆ ಬಂತೆಂದರೆ ಮೊದಲ ಸೌಟು ಗಾಣದ ಕಲ್ಲಿಗೆ. ಮನೆಯವರು, ದಾರಿಹೋಕರು ಎಲ್ಲ ಆಮೇಲೆ. ಮಾವ ಹೈದರಾಬಾದಿಗೆ ಬಂದು ತಾರ್ನಾಕದಲ್ಲಿ ಮನೆ ಮಾಡಿ, ಊರ ಹೊರಗೆ ಭಟ್ಟಿ ಹಾಕಿ, ಅದೇ ಸೀಮೆಯ ಬೆಲ್ಲದಿಂದ ರಮ್ ತೆಗೆಯತೊಡಗಿದಾಗ ಆ ಕಲ್ಲನ್ನೂ ಲಾರಿಯಲ್ಲಿ ತಂದು ಭಟ್ಟಿಯ ಅಂಗಳದಲ್ಲಿ ನೆಟ್ಟರು.

ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಗೋದಾಮಿನಲ್ಲಿ ಮೂರು ಸಾಲು ಪೀಪಾಯಿ, ಎರಡರ ನಡುವೆ ಮಾವನ ಮೂಗು. ಒಂದು ಹನಿ ಅಂಗೈಗೆ ತಿಕ್ಕಿ ಮೂಸಿ ಹದ ಹೇಳುತ್ತಾರೆ. ನಾಲಿಗೆಯ ಕೆಲಸಕ್ಕೆ ಹುಸೇನಪ್ಪ ಇದ್ದಾನೆ; ಗಾಣದ ಕಾಲದಿಂದ ಜೊತೆಗಿರುವ ಆಳು. ಒಂದು ಗುಟುಕು ಮುಕ್ಕಳಿಸಿ ಉಗಿಯುವುದೇ ಅವನ ನೌಕರಿ. ನಾನು ನಾರಾಯಣಗೂಡದ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿ ಮಿಮಿಕ್ರಿಯಲ್ಲಿ ಪಾಸಾಗಿ, ಮಾವನ ಕೈಕೆಳಗೆ ಸೇರಿದವನು.

ಮುತ್ಯಾ ತೀರಿಕೊಂಡ ವರ್ಷ ತುಂಬಿಟ್ಟ ಪೀಪಾಯಿಗೆ ಮುತ್ಯಾನ ಪೀಪಾಯಿ ಎಂದೇ ಹೆಸರು. ಇಲ್ಲಿಯ ಬಿಸಿಲಿಗೆ ಮರವೇ ಒಂದಿಷ್ಟು ಹೀರುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಈ ಬೇಸಿಗೆಯಲ್ಲಿ ಅಳತೆಕೋಲು ಇಳಿಬಿಟ್ಟು ನೋಡಿದರೆ, ಅದೇ ವರ್ಷ ತುಂಬಿದ ಪಕ್ಕದ ಪೀಪಾಯಿ ಅರ್ಧಕ್ಕಿಂತ ಮೇಲಿತ್ತು, ಮುತ್ಯಾನದು ತಳ ಕಂಡಿತ್ತು. ಗೋದಾಮಿಗೆ ಎರಡೇ ಕೀಲಿ. ಒಂದು ಮಾವನ ಉಡದಾರದಲ್ಲಿ, ಇನ್ನೊಂದು ಹುಸೇನಪ್ಪನ ಕಿಸೆಯಲ್ಲಿ.

ಅಂದಿನಿಂದ ಮಾವ ಮೂಸುವುದಕ್ಕೆ ನಿಂತರು. ಕೆಲಸದವರು ಗೇಟಿನಲ್ಲಿ ಬಾಯಿ ತೆರೆದು "ಹಾ" ಅಂದರಷ್ಟೇ ಒಳಗೆ. ವಾಚ್‌ಮನ್ನನ ನಾಯಿಯೂ ಅಂದಿತು. ಮನೆಯಲ್ಲಿ ಉಷಾ ಅತ್ತೆ ಹೋಳಿಗೆ ಬಡಿಸಿದರೆ ಅದನ್ನೂ ಮೂಗಿಗೆ ಹಿಡಿದು, "ಇದರಾಗ ಏನ ಹಾಕೀ?" ಎಂದು ಕೇಳಿ ಬೈಸಿಕೊಂಡರು. ವಾರ ಕಳೆದರೂ ಕಳ್ಳ ಸಿಗಲಿಲ್ಲ. ಒಂದು ಸಂಜೆ ಹುಸೇನಪ್ಪನನ್ನು ಕರೆಸಿದರು.

"ಹುಸೇನಪ್ಪ, ಈ ಭಟ್ಟಿಯೊಳಗ ನಾಲಿಗಿ ಇರೋದು ನಿನಗೊಬ್ಬಗ."

"ಉಳಿದವರ ಬಾಯಾಗ ಏನೈತ್ರಿ ಸಾವ್ಕಾರ್ರ, ಚಮಚಾನ?"

"ಚ್ಯಾಷ್ಟಿ ಬ್ಯಾಡ. ನಾಳೆ ಮುಂಜಾನಿ ಕೀಲಿ ಕೊಟ್ಟು ಮನಿಗಿ ನಡಿ."

ಹುಸೇನಪ್ಪನ ಮುಖ ಇಳಿಯಿತು. "ನನ್ನ ಗಾಣಕ್ಕ ಹಚ್ಚಿದವರು ನಿಮ್ಮ ಅಪ್ಪಾರು. ಅವರಿದ್ದಿದ್ದರ ಅವರನ್ನ ಕೇಳತಿದ್ದೆ," ಎಂದಷ್ಟೇ ಹೇಳಿ ಹೊರಟ.

ಕಾರಿನಲ್ಲಿ ಮನೆಗೆ ಬರುವಾಗ, ದಿನವೂ ಕಣ್ಣೆದುರೇ ನಡೆಯುತ್ತಿದ್ದುದು ನನಗೆ ಆಗಷ್ಟೇ ಹೊಳೆಯಿತು. ಮಾವ ಬೆಳಿಗ್ಗೆ ಭಟ್ಟಿಗೆ ಬಂದ ಕೂಡಲೇ ಮುತ್ಯಾನ ಪೀಪಾಯಿಯಿಂದ ಒಂದು ಸೌಟು ತೆಗೆದು ಗಾಣದ ಕಲ್ಲಿನ ಮೇಲೆ ಸುರಿದು ಕೈಮುಗಿಯುತ್ತಾರೆ. ಒಂದು ದಿನವೂ ತಪ್ಪಿಸಿದವರಲ್ಲ. ಕಲ್ಲಿನ ಸುತ್ತ ಇರುವೆಗಳು ಕೂಡ ಸಾಲು ತಪ್ಪಿ ನಡೆಯುತ್ತವೆ.

"ಮಾವ, ನೀವು ದಿನಾ ಕಲ್ಲಿಗೆ ಹಾಕೂ ಸೌಟು..."

"ಅದು ದೇವರದು. ಅದನ್ನ ಯಾರರೆ ಅಳೀತಾರೇನೋ?" ಎಂದು ನನ್ನನ್ನು ಓರೆಗಣ್ಣಿನಿಂದ ನೋಡಿದರು. "ನಿನಗ ಎಷ್ಟ ಪಾಲು ಕೊಡತಾನ ಹುಸೇನಪ್ಪ?"

ಅತ್ತೆಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತ, "ನಿಮ್ಮ ಮಾವಗ ಜೀವಂತ ಇದ್ದವರ ಮ್ಯಾಲ ಭರೋಸಾ ಇಲ್ಲೋ ವಿನ್ಯಾ. ಸತ್ತವರನ್ನ ಕರಕೊಂಡ ಬಾ," ಎಂದಳು.

ಕರೆದುಕೊಂಡು ಬಂದೆ.

ಮರುದಿನ ಮಾವನಿಗಿಂತ ಮೊದಲೇ ಬೈಕಿನಲ್ಲಿ ಹೋಗಿ, ಕಲ್ಲಿನ ಹಿಂದೆ ಒಣಗಲು ನಿಲ್ಲಿಸಿದ್ದ ಖಾಲಿ ಪೀಪಾಯಿಯೊಳಗೆ ಇಳಿದು ಕುಳಿತು ಮೇಲೆ ಗೋಣಿ ಎಳೆದುಕೊಂಡೆ. ಕುಡಿಯದ ಮನೆತನದವನಿಗೆ ಆ ವಾಸನೆಯೇ ಒಂದು ಪೆಗ್ಗು. ಗೋಣಿಯ ಸಂದಿನಿಂದ ನೋಡಿದೆ. ಹುಸೇನಪ್ಪ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಾವ ಸೌಟು ಹಿಡಿದು ಬಂದು ಕಲ್ಲಿನ ಮೇಲೆ ಬಗ್ಗಿಸಿದರು.

"ಚನ್ನ್ಯಾ..." ಎಂದೆ, ಮುತ್ಯಾನ ಗೊಗ್ಗರು ದನಿಯಲ್ಲಿ.

ಸೌಟು ನಿಂತಿತು. "ಯಾರದು?"

"ನಾನೋ, ನಿಮ್ಮಪ್ಪ. ತಿಳೀತಿಲ್ಲೋ?" ಮುತ್ಯಾನ ಪ್ರತಿ ಮಾತಿಗೂ ಈ ಬಾಲ ಇರುತ್ತಿತ್ತು.

ಬೇರೆ ಯಾರಾದರೂ ಹೆದರುತ್ತಿದ್ದರು. ಮಾವ ಅನುಮಾನಪಟ್ಟರು. "ಅಪ್ಪಾ ಅನ್ನಾಕ ಪುರಾವೆ ಏನೈತಿ? ಆಧಾರ?"

"ಆಧಾರ ಕಾರ್ಡ ನಿನ್ನ ಕಪಾಟಿನ್ಯಾಗ ಬಿಟ್ಟ ಹೋಗೀನಿ. ತಿಳೀತಿಲ್ಲೋ?"

"ಹಂಗಾರ ಸಣ್ಣಾಂವ ಇದ್ದಾಗ ನಾ ಕೊಪ್ಪರಿಗಿಯೊಳಗ ಏನ ಬೀಳಿಸಿದ್ದೆ, ಹೇಳ್ರಿ."

"ನನ್ನ ಎಡಗಾಲ ಚಪ್ಪಲಿ. ತಗದು ಕೊಡು ಅಂದ್ರ ನೆಕ್ಕಿಕೋತ ನಿಂತಿದ್ದಿ."

ಈ ಸಂಗತಿಯನ್ನು ಅತ್ತೆ ಸಿಕ್ಕ ಮದುವೆಮನೆಯಲ್ಲೆಲ್ಲ ಹೇಳಿ ನಗಿಸಿದ್ದಾಳೆ. ಅದು ಇನ್ನೂ ಗುಟ್ಟೆಂದು ನಂಬಿದವರು ಮಾವ ಒಬ್ಬರೇ. ಅವರು ಬಗ್ಗಿ ಕಲ್ಲಿನ ಹತ್ತಿರಕ್ಕೆ ಕಿವಿ ತಂದರು.

"ಅಪ್ಪಾ, ನಿಮ್ಮ ಪೀಪಾಯಿ ಖಾಲಿ ಮಾಡಿದವರು ಯಾರ್ರೀ? ಹುಸೇನಪ್ಪನ ಹೌದಲ್ರೀ?"

"ಹುಸೇನಪ್ಪ ಕುಡದಿದ್ದರ ಅವನ ತಲಿ ತಿರಗತಿತ್ತು. ಇಲ್ಲಿ ತಿರಗಾಕತ್ತಿದ್ದು ನನ್ನ ತಲಿ. ದಿನಾ ಮುಂಜಾನಿ ಒಂದ ಸೌಟು ನನ್ನ ನೆತ್ತಿಮ್ಯಾಲ ಯಾರ ಸುರುವತಾರೋ? ಇದ್ದಾಗ ಒಂದ ಹನಿ ಮುಟ್ಟದಾಂವ ನಾನು. ಸತ್ತ ಮ್ಯಾಲ ಕುಡುಕನ್ನ ಮಾಡಿಟ್ಟೀ. ಕೈಲಾಸದಾಗ ಗೇಟಿನ ಮುಂದ ನಿಂದರಿಸಿ ನನ್ನ ಬಾಯಿ ಮೂಸಾಕತ್ತಾರ."

ಮಾವ ಸೌಟು ನೋಡಿದರು, ಕಲ್ಲು ನೋಡಿದರು.

"ಕೊಡೋದಂತೂ ಕೊಡತಿ," ಎಂದೆ, ನನಗೂ ವಾಸನೆ ಏರಿತ್ತು, "ಜೋಡಿಗೆ ಒಂದ ಮುಷ್ಟಿ ಶೇಂಗಾನರೆ ಇಡಬಾರದೇನೋ?"

ಬಾಗಿಲಲ್ಲಿ ಹುಸೇನಪ್ಪನ ಮೂಗಿನಿಂದ ಒಂದು ಸದ್ದು ಬಂತು. ಮಾವ ಅವನತ್ತ ತಿರುಗಿದರು. ಆಮೇಲೆ ಮೂಗು ಎತ್ತಿ ಗಾಳಿ ಎಳೆದುಕೊಂಡು, ಒಂದೊಂದೇ ಹೆಜ್ಜೆ ಪೀಪಾಯಿಯ ಹತ್ತಿರ ಬಂದರು.

"ಅಪ್ಪಾ, ಕೈಲಾಸದಾಗ ಬಾದಾಮಿ ಎಣ್ಣಿ ಹಚ್ಚಿಕೊಂಡು ತಲಿ ಬಾಚಾಕ ಯಾವಾಗ ಹತ್ತಿದ್ರಿ?"

ಗೋಣಿ ಸರಿಯಿತು. ಎದ್ದು ನಿಂತೆ. ಮಾವ ನನ್ನ ಎಣ್ಣೆಗೂದಲನ್ನು ನೋಡಿದರು. ಎಡಗೈ ತಾನಾಗಿ ಉಡದಾರದ ಕೀಲಿಯನ್ನು ಮುಟ್ಟಿ ನೋಡಿತು. ನನಗೂ ನೌಕರಿ ಹೋಯಿತೆಂದುಕೊಂಡೆ.

"ದಿನಾ ಒಂದ ಸೌಟು," ಎಂದು ತಮ್ಮಷ್ಟಕ್ಕೆ ಗೊಣಗಿದರು. "ಇಷ್ಟ ವರ್ಷ. ನಾನ ಸುರುವಿ, ನಾನ ಹುಡುಕಾಕತ್ತೀನಲ್ಲೋ." ಹುಸೇನಪ್ಪ ಚಾಚಿದ ಕೀಲಿಯನ್ನು ಅವನ ಕಿಸೆಗೇ ತಿರುಗಿ ತುರುಕಿದರು. "ಇದನ್ನ ಇಟಗೊಂಡು ಅಂಗಡಿಗಿ ಹೋಗು. ಅಪ್ಪಾಗ ಶೇಂಗಾ ತಗೊಂಡ ಬಾ."

"ಹುರದಿದ್ದೋ, ಹಸೀದೋ ಸಾವ್ಕಾರ್ರ?"

ಅಷ್ಟು ಸಾಕಾಯಿತು. ಮಾವ ಕಲ್ಲಿಗೆ ಒರಗಿದವರು ಹಾಗೇ ಕೆಳಗೆ ಜಾರಿ ಕುಳಿತು, ಸೌಟು ನೆಲಕ್ಕೆ ಬಡಿಯುತ್ತ ನಗತೊಡಗಿದರು. ನಾನೂ ನಕ್ಕೆ, ಹುಸೇನಪ್ಪನೂ ನಕ್ಕ. ಇಬ್ಬರ ದನಿಯೂ ಮಾವನ ನಗೆಯಲ್ಲಿ ಮುಳುಗಿಹೋಯಿತು. ಅಷ್ಟರಲ್ಲಿ ಅತ್ತೆಯ ಫೋನು.

"ಏನಾತೋ? ಯಾರದ ಅದು, ಅಷ್ಟ ಜೋರ ನಗೋದು?"

"ಮಾವ ನಗಾಕತ್ತಾರ ಅತ್ತಿ."

"ಖರೆ ಹೇಳು, ಅದೂ ನಿನ್ನ ಮಿಮಿಕ್ರಿ ಹೌದಲ್ಲೋ?"

ಫೋನನ್ನು ಮಾವನ ಬಾಯಿಯ ಹತ್ತಿರ ಹಿಡಿದೆ.