ಮೂರು ಸಲ ತಟ್ಟಿದವನು

ಹೊನ್ನಾವರದ ಹೊಳೆದಂಡೆಯ ಕೇರಿಯಲ್ಲಿ ಹೊತ್ತು ಮುಳುಗಿದ ಮೇಲೆ ಒಂದೇ ಸಲ ಬಾಗಿಲು ತಟ್ಟಿದರೆ ಯಾರೂ ಏಳುವುದಿಲ್ಲ. ದೆವ್ವ ಒಂದೇ ಸಲ ತಟ್ಟುತ್ತದಂತೆ. ಮೂರು ಸಲ ತಟ್ಟಿದರೆ ಮನುಷ್ಯ. ಎಷ್ಟೋ ತಲೆಮಾರಿನಿಂದ ನಡೆದುಬಂದ ಮಾತು.

ವನಮಾಲಾಳ ಗಂಡ ಯುದ್ಧಕ್ಕೆ ಹೋಗಿದ್ದ. ಮನೆಯಲ್ಲಿ ಅವಳೊಬ್ಬಳೇ. ಒಂದು ಬೆಳಿಗ್ಗೆ ಪಕ್ಕದ ಮನೆಯ ಗಣಪಿ ಹೋಗಿ ನೋಡಿದರೆ, ಹರಿದ ಸೀರೆಯಲ್ಲಿ ಮೂಲೆ ಹಿಡಿದು ಕೂತಿದ್ದಾಳೆ. ಮಾತಿಲ್ಲ, ಕತೆಯಿಲ್ಲ. ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತಾಳೆ: ಟಕ್, ಟಕ್, ಟಕ್. ಊರಿನ ಬಾಯಿಗೆ ಬೀಗವೆಲ್ಲಿ? "ಗಾಳಿ ಸೋಕಿದೆ" ಅಂದುಬಿಟ್ಟಿತು. ಬೆತ್ತದಲ್ಲಿ ಹೊಡೆದು ಗಾಳಿ ಬಿಡಿಸುವವನಿಗೆ ನಾಳೆ ಬಾ ಎಂದು ಹೇಳಿಕಳಿಸಿಯೂ ಆಯಿತು.

ಆ ಸದ್ದಿನ ಗುರುತು ಗಣಪಿಗಿತ್ತು. ಬೊಂಬಾಯಿಯಿಂದ ಬಂದ ಅವಳ ತಮ್ಮ ದೇವು ದಿನಾ ಸಂಜೆ ಅಕ್ಕನ ಮನೆ ಬಾಗಿಲನ್ನು ಬೆರಳಿನ ಉಂಗುರದಲ್ಲಿ ಹೀಗೇ ತಟ್ಟುತ್ತಿದ್ದ. ಕುಡಿದಾಗ ಕೊಚ್ಚಿಕೊಂಡಿದ್ದನಲ್ಲ, "ಅಲ್ಲಿ ಗಲ್ಲಿ ತುಂಬಾ ಹೆಂಗಸ್ರು ಅಕ್ಕ. ಮೂರು ಸಲ ತಟ್ಟಿದ್ರೆ ಆತು, ಬಾಗ್ಲ ತೆಗೀಲೇಬೇಕು. ಬೇಡ ಅಂಬವ್ರೇ ಇಲ್ಲ."

ಬೊಂಬಾಯಿಯೇ ಅವನನ್ನು ಕೆಡಿಸಿತೇ? ಅಲ್ಲಿ ಅವನ ಜೊತೆ ಒಂದೇ ಖೋಲಿಯಲ್ಲಿದ್ದು ಊರಿಗೆ ಮರಳಿದ್ದ ಈರನನ್ನು ಕೇಳಿದಳು. ಈರ ತಲೆ ತಗ್ಗಿಸಿದ.

"ಸುಳ್ಳು ಎಂತಕ್ಕೆ ಹೇಳ್ಲಿ ಗಣಪಕ್ಕ, ಆ ಗಲ್ಲಿಗೆ ನಾನೂ ಹೋದವ್ನೇ. ಬೇಡ ಅಂದ್ರೆ ತಿರುಗಿ ಬರ್ತಿದ್ದೆ. ಅವ ಬಾಗ್ಲ ಒದೀತಿದ್ದ. ಒಬ್ಬಳ ಕೈ ಮುರ್ದ. ಅವ್ಳ ಪರವಾಗಿ ಕೇಳುಕೆ ಅಲ್ಲಿ ಯಾರಿದ್ರು?"

ಮನೆಯಲ್ಲೇ ಹುಟ್ಟಿದ ಹಾವಿಗೆ ಆ ಗಲ್ಲಿ ಹಾಲೆರೆದಿತ್ತು. ಒಡಹುಟ್ಟಿದವನು ನಿಜ, ಆದರೆ ನಾಳೆ ಬೆತ್ತದ ಏಟು ಬೀಳುವುದು ಯಾರ ಬೆನ್ನಿಗೆ?

ಸಂಜೆ ಅವಳು ವನಮಾಲಾಳನ್ನೂ ಕೇರಿಯ ಹೆಂಗಸರನ್ನೂ ತನ್ನ ಮನೆಗೆ ಕರೆದು ಬಾಗಿಲಿಗೆ ಅಗುಳಿ ಹಾಕಿದಳು. ದೀಪ ಹಚ್ಚಲಿಲ್ಲ.

ಟಕ್.

ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ಟಕ್.

ಗೋಡೆ ತಟ್ಟುತ್ತಿದ್ದ ವನಮಾಲಾಳ ಬೆರಳು ನಿಂತಿತು.

ಟಕ್.

"ಅಕ್ಕ, ಬಾಗ್ಲ ತೆಗಿ." ಹೊರಗಿನ ದನಿ ಮೆತ್ತಗಿತ್ತು. ಯಾರೂ ಏಳಲಿಲ್ಲ. ಆಮೇಲೆ ಬಾಗಿಲಿಗೆ ಒದೆತ ಬಿತ್ತು, ಮತ್ತೊಂದು, ಮಗದೊಂದು. ಅಗುಳಿ ನಡುಗಿತು.

"ಕೇಳಿದ್ರಾ?" ಗಣಪಿ ಅಳುತ್ತಲೇ ಹೇಳಿದಳು. "ಇವ್ಳಿಗೆ ಸೋಕಿದ ಗಾಳಿ ಇದೇ. ನನ್ನ ತಮ್ಮ."

ಕತ್ತಲೆಯಲ್ಲಿ ವನಮಾಲಾ ಮೊದಲ ಸಲ ಬಾಯಿ ಬಿಟ್ಟಳು.

"ಮೂರು ಸಲ ತಟ್ಟಿದ್ನಲ್ಲ ಅಕ್ಕ... ಮನುಷ್ಯನೇ ಅಂತ ತೆಗ್ದೆ."