ಸ್ಪ್ರಿಂಗಿನ ಬಿಗಿ

"ಇನ್ನೊಮ್ಮೆ ಕೂತ್ಕೋ," ಎಂದ ವಲೇರಿಯನ್, ಕಾರಿನ ಅಡಿಯಿಂದ.

ಬರ್ತಾ ಬಾಗಿಲು ತೆರೆದು ತೇಪೆ ಹಾಕಿದ ಚರ್ಮದ ಸೀಟಿನಲ್ಲಿ ಕೂತಳು. ಅವಳ ಭಾರಕ್ಕೆ ಕಾರಿನ ಹಿಂಭಾಗ ತುಸು ತಗ್ಗಿತು. ಕೆಳಗೆ ಅವನು ಸ್ಕೇಲು ಹಿಡಿದು ನೋಡಿದ. "ಆಯಿತು, ಇಳಿ." ಊಟ ಮುಗಿದಾಗಿನಿಂದ ಹೀಗೆಯೇ ನಡೆದಿತ್ತು.

ಇಬ್ಬರೇ ಕೂರುವ ಹಳೆಯ ಇಂಗ್ಲಿಷ್ ರೇಸ್ ಮಾದರಿಯ ಕಾರು ಅದು. ವಲೇರಿಯನ್‌ನ ದೊಡ್ಡಪ್ಪ ಲೂಯಿಸ್ ಯಾವುದೋ ಕಾಫಿ ತೋಟದ ದೊರೆಯಿಂದ ಕೊಂಡು, ಕುಕ್ಕುಂದೂರಿನ ಈ ಶೆಡ್ಡಿನಲ್ಲಿ ಬಿಟ್ಟು ತೀರಿಕೊಂಡಿದ್ದ. ಹಿಂದಿನ ಚಕ್ರಗಳ ಶಾಕ್ ಅಬ್ಸಾರ್ಬರುಗಳು ಎಣ್ಣೆ ಸೋರಿ ಸತ್ತೇಹೋಗಿದ್ದವು. ಈ ಸಲ ಬಹರೈನಿನಿಂದ ಬಂದಾಗ ವಲೇರಿಯನ್‌ನ ಸೂಟ್‌ಕೇಸಿನಲ್ಲಿ, ಪ್ರತಿ ಸಲ ಅವಳಿಗೆ ತರುವ ಸೀರೆ ಇರುತ್ತಿದ್ದ ಜಾಗದಲ್ಲಿ, ಟವೆಲು ಸುತ್ತಿದ ಹೊಸ ಜೋಡಿ ಇತ್ತು. ಉದ್ದನೆಯ ಕೊಳವೆ, ಅದರ ಸುತ್ತ ಸ್ಪ್ರಿಂಗು, ಬುಡದಲ್ಲೊಂದು ಬಳೆ. ಬಳೆ ತಿರುಗಿಸಿ ಏರಿಸಿದರೆ ಸ್ಪ್ರಿಂಗು ಬಿಗಿದು ಕಾರು ಎತ್ತರವಾಗುತ್ತದೆ, ಇಳಿಸಿದರೆ ತಗ್ಗುತ್ತದೆ. ಅದನ್ನು ಕೂರಿಸುವ ಪಟ್ಟಿಗಳನ್ನು ಬೆಸುಗೆ ಹಾಕಿಸಲಿಕ್ಕೆಂದು ಕಾರ್ಕಳದ ವೆಲ್ಡಿಂಗ್ ಅಂಗಡಿಗೆ ಓಡಾಡಿಯೇ ಅವನ ಅರ್ಧ ರಜೆ ಕಳೆದಿತ್ತು.

ಮನೆಯೊಳಗಂತೂ ಅವನು ಕೂರುತ್ತಲೇ ಇರಲಿಲ್ಲ. ಚಹಾವನ್ನೂ ನಿಂತೇ ಕುಡಿಯುತ್ತಿದ್ದ. ಬೆಳಗಾಗುವ ಮೊದಲೇ ಅಂಗಳದಲ್ಲಿ ಅತ್ತಿಂದಿತ್ತ ಸರಿದಾಡುವ ಅವನ ಚಪ್ಪಲಿಯ ಸದ್ದಿಗೆ ಬರ್ತಾಳಿಗೆ ಎಚ್ಚರವಾಗುತ್ತಿತ್ತು. ಎರಡು ವರ್ಷಕ್ಕೊಮ್ಮೆ ನೆಂಟನಂತೆ ಬಂದುಹೋಗುವ ಗಂಡನ ಹತ್ತಿರ ಎಂತ ಮಾತಾಡುವುದೆಂದು ಅವಳಿಗೂ ತೋಚುತ್ತಿರಲಿಲ್ಲ. ಹೇಳಲೇಬೇಕಾದ ಮಾತೊಂದಿತ್ತು. ಅದನ್ನು ದಿನವೂ ನಾಳೆಗೆ ಮುಂದೂಡುತ್ತಿದ್ದಳು.

"ನನ್ನನ್ನು ಹತ್ತಿಸಿ ಇಳಿಸಿ ಎಂತ ನೋಡುವುದು?" ಎಂದಳು.

"ಖಾಲಿ ಗಾಡಿಯ ಅಳತೆಯಿಂದ ಎಂತ ಪ್ರಯೋಜನ? ಜನ ಕೂತಾಗ ಎಷ್ಟು ತಗ್ಗುತ್ತದೆ ನೋಡಬೇಕಲ್ವಾ? ಹತ್ತು."

ಹತ್ತಿ ಕೂತಳು. ಈ ಸಲ ಇಳಿ ಎನ್ನಲಿಲ್ಲ ಅವನು.

"ಬರ್ತಾ, ನಾನು ತಿರುಗಿ ಬಹರೈನಿಗೆ ಹೋಗುವುದಿಲ್ಲ."

"ರಜೆ ಅಂದಿದ್ದಿರಿ."

"ಸುಳ್ಳು ಹೇಳಿದೆ. ಕೆಲಸ ಬಿಟ್ಟೇ ಬಂದದ್ದು. ಅಲ್ಲಿ ಬೇರೆಯವರ ಗಾಡಿಯ ಅಡಿಯಲ್ಲಿ ಮಲಗಿದಾಗೆಲ್ಲ, ನನ್ನ ಆಯುಷ್ಯ ಹೀಗೇ ಮುಗಿಯುತ್ತದೆ ಅಂತ ಹೆದರಿಕೆ ಆಗುತ್ತಿತ್ತು. ಬಂದ ದಿನವೇ ಹೇಳಬೇಕೂಂತ ಇದ್ದೆ. ನಿನ್ನ ಮುಖ ನೋಡಿದರೆ ಬಾಯಿ ಬರಲಿಲ್ಲ."

ಈ ಮಾತಿಗಾಗಿ ಅವಳು ಒಂದು ಕಾಲದಲ್ಲಿ ಇಗರ್ಜಿಯಲ್ಲಿ ಮೊಂಬತ್ತಿ ಉರಿಸಿದ್ದಳು. ಈಗ ಸೀಟಿನ ತೇಪೆಯ ಅಂಚನ್ನು ಉಗುರಿನಿಂದ ಕೆರೆದಳು. ಅವನ ಮುಖ ತನಗೂ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಬಾಯಿಬಿಟ್ಟಳು.

"ನನಗೂ ಒಂದು ಹೇಳಲಿಕ್ಕೆ ಉಂಟು. ಜೂನಿನಿಂದ ನನಗೆ ಕಾಪುವಿನ ಶಾಲೆ. ನಾನೇ ಕೇಳಿ ವರ್ಗ ಮಾಡಿಸಿಕೊಂಡದ್ದು. ಅಲ್ಲೇ ಕೋಣೆಯೂ ನೋಡಿಯಾಗಿದೆ. ಒಬ್ಬಳಿಗೆ."

ಕೆಳಗೆ ಅವನು ಸ್ಕೇಲನ್ನು ನೆಲಕ್ಕಿಟ್ಟ.

"ನನ್ನ ಮೇಲಿನ ಸಿಟ್ಟಿನಿಂದಲಾ?"

"ಅಲ್ಲ. ನೀವಿಲ್ಲದೆ ಇರಲಿಕ್ಕೆ ಕಲಿತೆ. ಆಮೇಲೆ ಅದೇ ಒಳ್ಳೆಯದಾಯಿತು."

ವಲೇರಿಯನ್ ನಿಧಾನಕ್ಕೆ ಹೊರಗೆ ಜಾರಿ ಬಂದ. ಅಂಗಿಯ ಬೆನ್ನಿಗೆಲ್ಲ ಕೆಂಪು ಮಣ್ಣು. ಅವಳನ್ನು ನೋಡದೆ ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿದ.

"ಕಾಪುವಿನ ದಾರಿ ಹೇಗುಂಟು ಈಗ?"

"ಶಿರ್ವದವರೆಗೆ ಬರೀ ಹೊಂಡ."

"ಹಾಗಾದರೆ ಸ್ಪ್ರಿಂಗು ಸ್ವಲ್ಪ ಮೆತ್ತಗೇ ಇರಲಿ," ಎಂದು ಮತ್ತೆ ಕಾರಿನಡಿಗೆ ಹೋದ.

ಮಾರನೆಯ ಬೆಳಿಗ್ಗೆ ಇಬ್ಬರೂ ಅದೇ ಕಾರಿನಲ್ಲಿ ಕಾಪುವಿಗೆ ಹೊರಟರು. ಬೆಳ್ಮಣ್ಣು ದಾಟಿದ ಮೇಲೆ ತಿರುವುಗಳಲ್ಲಿ ಕಾರು ಮೊದಲಿನಂತೆ ಹಿಂಭಾಗ ಕುಣಿಸದೆ ರಸ್ತೆ ಹಿಡಿದು ಹೋಯಿತು. ಹೊಂಡ ಬಂದಲ್ಲೆಲ್ಲ ಅವನು ಓರೆಗಣ್ಣಿನಲ್ಲಿ ಅವಳನ್ನು ನೋಡುತ್ತಿದ್ದ.

ಕಾಪುವಿನಲ್ಲಿ ಮನೆಯೊಡತಿ ಪ್ರಭಾವತಿಯಮ್ಮ ಕೋಣೆಯ ಬೀಗ ತೆಗೆದು, ವಲೇರಿಯನ್‌ನನ್ನು ಮೇಲಿಂದ ಕೆಳಗೆ ನೋಡಿದರು.

"ಒಬ್ಬರಿಗೆ ಅಂದಿದ್ದಿರಲ್ವಾ ಟೀಚರೇ?"

"ಹೌದು, ಹಾಗೆಯೇ ಅಂದಿದ್ದೆ," ಎಂದಳು ಬರ್ತಾ.

ಕೋಣೆಯ ಒಂದು ಗೋಡೆಯ ನಡುಭಾಗಕ್ಕೆ ತಾಗಿಸಿ, ಅಗಲ ಕಿರಿದಾದ ಮಂಚ ಹಾಕಿತ್ತು. ವಲೇರಿಯನ್ ಹೊಸ್ತಿಲಲ್ಲೇ ನಿಂತು, "ಮೂಲೆಗೆ ಸರಿಸಿದರೆ ಇನ್ನೊಂದು ಮಂಚಕ್ಕೆ ಜಾಗ ಆದೀತು. ಸರಿಸಿ ನೋಡಲಾ?" ಎಂದು ಕೇಳಿದ.

ಬರ್ತಾ ಕೈಚೀಲವನ್ನು ಕಿಟಕಿಯಲ್ಲಿಟ್ಟು ಮಂಚದ ಒಂದು ತುದಿ ಹಿಡಿದಳು. ಅವನು ಒಳಗೆ ಬಂದು ಇನ್ನೊಂದು ತುದಿ ಎತ್ತಿದ. ಮೂಲೆಗೆ ಇಟ್ಟು ಇಬ್ಬರೂ ಹಿಂದೆ ಸರಿದು ನಿಂತರು. ಮಂಚ ಮೊದಲಿದ್ದ ಕಡೆ ಗೋಡೆಯ ಸುಣ್ಣ ಉಳಿದೆಲ್ಲಕ್ಕಿಂತ ಬೆಳ್ಳಗಿತ್ತು.