ತಾಕ್ ಅಂದರೆ ಹೌದು

ಅಮ್ಮನ ಸ್ಕರ್ಟಿನ ಸೊಂಟಕ್ಕೆ ಗುಂಡುಸೂಜಿ ಚುಚ್ಚುತ್ತಿದ್ದ ಒರಿಸ್ಯಾಳ ಕೈ ನಿಂತಿತು. ಇದೇ ಸ್ಕರ್ಟನ್ನು ಬೇಸಿಗೆಯಲ್ಲಿ ಒಮ್ಮೆ, ಕಳೆದ ತಿಂಗಳು ಒಮ್ಮೆ ಒಳಗೆ ಹಿಡಿದು ಹೊಲಿದಿದ್ದಳು. ಇದು ಮೂರನೆಯ ಸಲ. ಅಮ್ಮ ಪರಾಸ್ಕಾಗೆ ಎಂಬತ್ತಾರು. ಎರಡು ವರ್ಷದಿಂದ ಊರಿನ ಆರೈಕೆ ಮನೆಯಲ್ಲಿದ್ದಾಳೆ.

"ಅಮ್ಮ ಕರಗ್ತಾ ಇದ್ದಾಳೆ ಮೈರನ್."

ಗಂಡ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ವಯಸ್ಸಾದ್ಮೇಲೆ ಇನ್ನೇನು, ಊದ್ಕೋತಾರಾ? ಎಂಥಾ ಜಾಗ ಅದು! ಬಾಗಿಲಲ್ಲೇ ಮೀನಿನ ತೊಟ್ಟಿ, ಪಿಯಾನೋ. ನೆಲದಲ್ಲಿ ಮುಖ ಕಾಣುತ್ತೆ. ನಾನೇ ಹೋಗಿ ಸೇರ್ಕೊಂಡ್ಬಿಡೋಣ ಅನ್ಸುತ್ತೆ."

"ಸೇರ್ಕೋ. ಆದ್ರೆ ಮೀನಾಗಿ ಸೇರ್ಕೋ. ಅದಕ್ಕೆ ಹೊತ್ಹೊತ್ತಿಗೆ ಊಟ ಹಾಕ್ತಾರೆ," ಎಂದಳು ಪಕ್ಕದ ಮನೆಯ ವರ್ನಾ. ಪಾತ್ರೆ ವಾಪಸು ಕೊಡಲು ಬಂದವಳು ಚಹಾಕ್ಕೆ ಕೂತಿದ್ದಳು. ಇಂಥ ಮನೆಗಳಲ್ಲಿ ಮೂವತ್ತು ವರ್ಷ ಮುದುಕರಿಗೆ ಉಣಿಸಿ, ಮೀಯಿಸಿ ನಿವೃತ್ತಳಾದವಳು ಆಕೆ.

"ನೀವು ಹೋಗೋದು ಯಾವಾಗ?"

"ಭಾನುವಾರ. ಚರ್ಚು ಮುಗಿಸ್ಕೊಂಡು, ಎರಡು ಗಂಟೆಗೆ."

"ಆಗ ಎಲ್ರಿಗೂ ತಲೆ ಬಾಚಿ ಕೂರಿಸಿರ್ತಾರೆ ಮಾರಾಯ್ತಿ. ವಾರದ ದಿನ, ಊಟದ ಹೊತ್ತಿಗೆ ಹೋಗು. ನೆಲ ನೋಡ್ಬೇಡ. ಉಣಿಸೋರು ಯಾರು, ಬಂದು ಎಷ್ಟು ದಿನ ಆಯ್ತು, ಒಬ್ಬರ ಕೈಗೆ ಎಷ್ಟು ಜನ ಅಂತ ಕೇಳು. ಮ್ಯಾನೇಜರ್ ಎಷ್ಟು ಸಲ ಬದಲಾದ್ರು ಅಂತಾನೂ ಕೇಳು."

"ಇದೇನು ಪೊಲೀಸ್ ವಿಚಾರಣೆನಾ?" ಮೈರನ್ ನಕ್ಕ.

"ಹಸು ಕೊಳ್ಳೋವಾಗ ನೀನು ಇದಕ್ಕಿಂತ ಜಾಸ್ತಿ ಕೇಳ್ತೀಯಲ್ಲಪ್ಪ!"

ಮಂಗಳವಾರ ಹಿಮ ಬಿದ್ದಿತ್ತು. ಗಾಡಿ ಓಡಿಸಲು ಮೈರನ್ ಜೊತೆಗೆ ಬಂದ. ಊಟದ ಕೋಣೆಯಲ್ಲಿ ಹನ್ನೊಂದು ಮಂದಿ. ಉಣಿಸುವವಳು ಡೆನೀಸ್ ಎಂಬ ನಡುವಯಸ್ಸಿನ ಹೆಂಗಸು ಒಬ್ಬಳೇ. ಅಮ್ಮನಿಗೆ ನಾಲ್ಕು ಚಮಚ ಬೀಟ್‌ರೂಟ್ ಸೂಪು ಕುಡಿಸಿ ಮೃದುವಾಗಿ ಕೇಳಿದಳು, "ಇನ್ನೂ ಬೇಕಾ ಚಿನ್ನ?"

"ತಾಕ್," ಎಂದಳು ಅಮ್ಮ.

ಡೆನೀಸ್ ಬಟ್ಟಲು ಎತ್ತಿಕೊಂಡು ಹೊರಟಳು. ಅಮ್ಮನ ಕಣ್ಣು ಬಟ್ಟಲಿನ ಹಿಂದೆಯೇ ಹೋಯಿತು. "ತಾಕ್," ಎಂದಳು ಇನ್ನೊಮ್ಮೆ, ಸಣ್ಣಗೆ.

ಒರಿಸ್ಯಾ ಎದ್ದು ನಿಂತಳು. "ಬಟ್ಟಲು ಯಾಕೆ ತೆಗೆದ್ರಿ?"

"ಅವರೇ ಟೇಕ್ ಅಂದ್ರಲ್ಲ, ತಗೊಂಡ್ಹೋಗು ಅಂತ. ದಿನಾ ಹಾಗೇ ಅಂತಾರಂತೆ. ಊಟ ಸಾಕು ಅಂತಾರೆ ಅಂತ ಇಲ್ಲಿನ ದಿನಚರಿ ಪುಸ್ತಕದಲ್ಲೂ ಬರೆದಿದೆ."

"ಅದು ಟೇಕ್ ಅಲ್ಲ, ತಾಕ್. ನಮ್ಮ ಉಕ್ರೇನಿ ಮಾತಲ್ಲಿ ಹೌದು ಅಂತ. ಹೋದ ಚಳಿಗಾಲದಿಂದ ಅಮ್ಮನಿಗೆ ಇಂಗ್ಲಿಷ್ ಮರೆತೇಹೋಗಿದೆ."

ಡೆನೀಸ್ ಬಟ್ಟಲನ್ನು ಮತ್ತೆ ಮೇಜಿನ ಮೇಲಿಟ್ಟಳು. "ಅಯ್ಯೋ ದೇವರೇ... ನಂಗೆ ಯಾರೂ ಹೇಳ್ಲಿಲ್ಲ. ಏಜೆನ್ಸಿಯವರು ಕಳಿಸಿದ್ದು, ಬಂದು ಮೂರು ದಿನ. ವಾರ ಕಳೆದ್ರೆ ಬೇರೆ ಊರು. ಹನ್ನೊಂದು ಜನಕ್ಕೆ ನಾನೊಬ್ಳೇ."

ಅವಳೇ ಬಟ್ಟಲು ತುಂಬಿಸಿ ತಂದಳು. ಅಮ್ಮ ಅದನ್ನೂ ಮುಗಿಸಿ ಇನ್ನೊಂದನ್ನೂ ಮುಗಿಸಿದಳು.

ಮೊದಲು ಮರಿಸೆಲ್ ಎಂಬಾಕೆ ಅಮ್ಮನಿಗೆ ಉಣಿಸುತ್ತಿದ್ದಳು. ಅವಳಿಗೆ ತಾಕ್ ಗೊತ್ತಿತ್ತು, ಅಮ್ಮನಿಗೆ ಯಾವ ಕಿವಿ ಕೇಳಿಸುತ್ತದೆಂದೂ ಗೊತ್ತಿತ್ತು. ವಾರಕ್ಕೊಂದು ಮಹಡಿಗೆ ಓಡಿಸಿದ್ದಕ್ಕೆ ಬೇಸತ್ತು ಬೇಸಿಗೆಗೆ ಮೊದಲೇ ಬಿಟ್ಟುಹೋದಳು. ಅವಳಿಗೆ ಗೊತ್ತಿದ್ದುದನ್ನು ಯಾರೂ ಬರೆದಿಡಲಿಲ್ಲ. ಒಂದೇ ವರ್ಷದಲ್ಲಿ ಮೂವರು ಮ್ಯಾನೇಜರುಗಳು ಬಂದುಹೋಗಿದ್ದರು.

ಹೊರಡುವಾಗ ಮೈರನ್ ಗಾಡಿಯ ಬಾಗಿಲನ್ನು ದಡಾರನೆ ಹಾಕಿದ. "ಆ ಮೀನಿನ ತೊಟ್ಟಿಗಿಷ್ಟು ಬೆಂಕಿ ಹಾಕ!" ಎಂದ. ಅಲ್ಲಿರುವ ಉಳಿದ ಮುದುಕರ ಮನೆಯವರಿಗೆ ಫೋನು ಮಾಡಿದ್ದೂ ಅವನೇ.

ಒಂಬತ್ತು ಮನೆಯವರು ಒಟ್ಟಾಗಿ ಮ್ಯಾನೇಜರನ್ನು ಕಂಡರು. ಒಂದು ಮೇಜಿಗೆ ದಿನವೂ ಅದೇ ಕೈ ಉಣಿಸಲಿ, ಪ್ರತಿಯೊಬ್ಬರ ಮಾತು, ಅಭ್ಯಾಸ ಬರೆದು ಹಾಸಿಗೆಯ ಪಕ್ಕ ಅಂಟಿಸಲಿ ಎಂದು ಕೇಳಿದರು. "ಇವತ್ತು ಕೆಲಸಕ್ಕೆ ಎಷ್ಟು ಜನ ಅಂತ ಬಾಗಿಲಲ್ಲೇ ಬರೆದು ಹಾಕಿ," ಎಂದಳು ಜೊತೆಗೆ ಬಂದಿದ್ದ ವರ್ನಾ.

ಮ್ಯಾನೇಜರಮ್ಮ ನಿಟ್ಟುಸಿರಿಟ್ಟಳು. "ನಾನು ಬಂದು ಏಳೇ ವಾರ. ಇನ್ನಿಬ್ಬರನ್ನ ಕೊಡಿ ಅಂತ ನಾನೊಬ್ಳೇ ಕೇಳಿದ್ರೆ ಮೇಲಿನವರು ಕಿವಿಗೇ ಹಾಕ್ಕೊಳ್ಳಲ್ಲ. ನೀವೆಲ್ಲ ಬರೆದು ಕೊಡಿ."

ಬರೆದು ಕೊಟ್ಟರು. ಮುಂದಿನ ತಿಂಗಳು ಡೆನೀಸ್‌ಗೆ ಅಲ್ಲೇ ಕಾಯಂ ಕೆಲಸವಾಯಿತು.

ನಿಮ್ಮವರು ಯಾರಾದರೂ ಇಂಥ ಮನೆಯಲ್ಲಿದ್ದರೆ ಈ ವಾರವೇ ಊಟದ ಹೊತ್ತಿಗೆ ಹೋಗಿ. ಉಣಿಸುವವರ ಹೆಸರು ಕೇಳಿ. ಅವರ ಮೇಲೆ ಕೂಗಾಡಬೇಡಿ. ಅವರ ಕೈಗೆ ಎಷ್ಟು ಜನರನ್ನು ಕೊಟ್ಟಿದ್ದಾರೆಂದು ಮೇಲಿನವರನ್ನು ಕೇಳಿ. ಒಬ್ಬರೇ ಬೇಡ, ನಾಲ್ಕಾರು ಮನೆಯವರು ಸೇರಿ ಕೇಳಿ.

ಒಂದು ಸಂಗತಿಯನ್ನು ಮಾತ್ರ ಒರಿಸ್ಯಾ ವರ್ನಾಗೂ ಹೇಳಲಿಲ್ಲ. ಅಮ್ಮನನ್ನು ಸೇರಿಸಿದ ದಿನ, ಅರ್ಜಿಯಲ್ಲಿ 'ಆಡುವ ಭಾಷೆ' ಎಂದಿದ್ದ ಕಡೆ ಅವಳೇ 'ಇಂಗ್ಲಿಷ್' ಎಂದು ಬರೆದಿದ್ದಳು. ತಲೆಗೆ ವಸ್ತ್ರ ಕಟ್ಟಿ ಶಾಲೆಯ ಗೇಟಿನಲ್ಲಿ ನಿಂತು ಕೂಗಿ ಕರೆಯುತ್ತಿದ್ದ ಅಮ್ಮನ ಮಾತಿಗೆ ಹುಡುಗಿಯರು ನಗುತ್ತಿದ್ದರು. ಆ ಮಾತನ್ನು ಮರೆಮಾಚುವುದು ಅವಳಿಗೆ ಐವತ್ತು ವರ್ಷಗಳ ಅಭ್ಯಾಸ. ಆ ಕಾಗದ ಆಫೀಸಿನಲ್ಲಿ ಇನ್ನೂ ಹಾಗೇ ಇದೆ.

ಸ್ಕರ್ಟಿನ ಮೂರನೆಯ ಹೊಲಿಗೆ ಬಿಚ್ಚುತ್ತಾ ಅವಳು ನಿರ್ಧರಿಸಿದಳು. ನಾಳೆ ಬೇಗ, ಒಬ್ಬಳೇ ಹೋಗುತ್ತೇನೆ. ಆ ಕಾಗದ ಕೇಳುತ್ತೇನೆ. ಪೆನ್ನು ನನ್ನದೇ ಒಯ್ಯುತ್ತೇನೆ.